ಷರಾ ಕಾಲಮ್ಮಿನ ಒಂದು ಸಾಲು: ದಾವಣಗೆರೆಯ ಟೀ ಪುಡಿ ಪರೀಕ್ಷೆ

ಮಾರ್ಕೆಟ್ ರಿಸರ್ಚ್ ಕೆಲಸ ಬಿಟ್ಟು ಹತ್ತು ವರ್ಷ ದಾಟಿದೆ. ಫೀಲ್ಡ್ ಸೂಪರ್‌ವೈಸರ್ ಆಗಿದ್ದಾಗ ಸೋಪು, ಬಿಸ್ಕತ್ತು, ತಲೆಗೆ ಹಚ್ಚುವ ಎಣ್ಣೆ, ದಿನಪತ್ರಿಕೆ ಅಂತ ಎಷ್ಟೋ ಸ್ಟಡಿ ಮಾಡಿಸಿದ್ದೇನೆ. ಹೆಚ್ಚಿನವು ಈಗ ನೆನಪಿಲ್ಲ. 2009ರ ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ನಡೆದ ಟೀ ಪುಡಿ ಪರೀಕ್ಷೆ ಮಾತ್ರ ದಿನ ದಿನವೂ ನೆನಪಿದೆ. ಅದರಲ್ಲಿ ಒಂದು ತಪ್ಪು ಆಯಿತು. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಅದು ಹೇಗೆ ಆಯಿತು, ಹೇಗೆ ಗೊತ್ತಾಯಿತು, ಆಮೇಲೆ ಏನು ಮಾಡಿದರು ಅನ್ನೋದನ್ನ ಮೊದಲಿಂದ ಬರೆಯುತ್ತೇನೆ. ಇವತ್ತು ಮನೆಮನೆ ಸುತ್ತುತ್ತಿರುವ ಹುಡುಗ ಹುಡುಗಿಯರಿಗೆ ಇದು ಉಪಯೋಗಕ್ಕೆ ಬರಬಹುದು. ಕಂಪನಿಯ ಹೆಸರು ಹೇಳುವುದಿಲ್ಲ. ಟೀ ಪುಡಿಯ ಹೆಸರಂತೂ ನನಗೂ ಗೊತ್ತಿರಲಿಲ್ಲ. ಗೊತ್ತಿರಬಾರದು ಅನ್ನೋದೇ ಆ ಪರೀಕ್ಷೆಯ ನಿಯಮ.

ಪರೀಕ್ಷೆ ಹೇಗಿತ್ತು

ಎರಡು ಟೀ ಪುಡಿ. ಎರಡೂ ಒಂದೇ ಥರದ ಬಿಳಿ ಪ್ಯಾಕೆಟ್ಟಿನಲ್ಲಿ, 250 ಗ್ರಾಂ. ಹೆಸರಿಲ್ಲ, ಚಿತ್ರವಿಲ್ಲ. ಮೇಲೆ ಮೂರಂಕಿಯ ನಂಬರು ಮಾತ್ರ: ಒಂದಕ್ಕೆ 352, ಇನ್ನೊಂದಕ್ಕೆ 714. ಒಂದು, ಎರಡು ಅಂತ ಬರೆದರೆ ಒಂದೇ ಜಾಸ್ತಿ ಒಳ್ಳೆಯದು ಅಂತ ಜನ ಅಂದುಕೊಳ್ಳುತ್ತಾರೆ. ಅದಕ್ಕೇ ಅರ್ಥವಿಲ್ಲದ ನಂಬರು.

ದಾವಣಗೆರೆಗೆ ಬಂದ ಕೋಟಾ 120 ಮನೆ. ಮೂರು ಬಡಾವಣೆ, ಒಂದೊಂದರಲ್ಲಿ 40. ಮತದಾರರ ಪಟ್ಟಿಯಿಂದ ಒಂದು ವಿಳಾಸ ಕೊಡುತ್ತಿದ್ದರು. ಅಲ್ಲಿಂದ ಬಲಗೈ ಕಡೆಗೆ ನಡೆಯಬೇಕು. ಒಂದು ಮನೆ ಸಿಕ್ಕರೆ ಮೂರು ಮನೆ ಬಿಟ್ಟು ಮುಂದಿನದು. ಗೊತ್ತಿರುವವರ ಮನೆಗೆ ಹೋಗುವಂತಿಲ್ಲ. ಮನೆಯಲ್ಲಿ ಯಾರಾದರೂ ಜಾಹೀರಾತು, ಪತ್ರಿಕೆ, ಟೀ ವ್ಯಾಪಾರದಲ್ಲಿ ಇದ್ದರೆ ಕೈಮುಗಿದು ಎದ್ದು ಬರಬೇಕು. ದಿನಕ್ಕೆ ಎರಡು ಸಲವಾದರೂ ಟೀ ಮಾಡುವ ಮನೆ ಆಗಿರಬೇಕು. ಉತ್ತರ ಕೊಡುವವರು ಟೀ ಮಾಡುವವರೇ ಆಗಿರಬೇಕು.

ಇದರ ಜೊತೆ ಎಸ್‌ಇಸಿ, ಅಂದರೆ ಮನೆಯ ಸಾಮಾಜಿಕ, ಆರ್ಥಿಕ ಮಟ್ಟದ ಲೆಕ್ಕ. ಆಗ ಹಳೇ ಪದ್ಧತಿ ಇತ್ತು. ಮನೆಯ ಮುಖ್ಯ ಸಂಪಾದನೆ ಯಾರದೋ ಅವರ ಓದು ಮತ್ತು ಉದ್ಯೋಗ ಕೇಳಿ, ಎ1ರಿಂದ ಇ2ವರೆಗೆ ಎಂಟು ಮೆಟ್ಟಿಲಲ್ಲಿ ಆ ಮನೆಯನ್ನು ಒಂದು ಕಡೆ ಕೂರಿಸುತ್ತಿದ್ದೆವು. 2011ರಲ್ಲಿ ಅದು ಬದಲಾಯಿತು. ಓದು ಮತ್ತು ಮನೆಯಲ್ಲಿರುವ ಹನ್ನೊಂದು ವಸ್ತುಗಳ ಲೆಕ್ಕ ಬಂತು. ಆ ಹನ್ನೊಂದರಲ್ಲಿ ಕರೆಂಟ್ ಇದೆ, ಸೀಲಿಂಗ್ ಫ್ಯಾನ್ ಇದೆ, ಗ್ಯಾಸ್ ಸ್ಟೌ, ಫ್ರಿಜ್ಜು, ಕಾರು, ಏಸಿ, ಹೊಲ ಕೂಡ ಇದೆ. ನಲ್ಲಿ ಇಲ್ಲ. ಈ ಪ್ರಕರಣ ಆದಮೇಲೆ ಆ ಪಟ್ಟಿ ನೋಡಿದಾಗೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಮೊದಲ ದಿನ ಒಂದು ಪ್ಯಾಕೆಟ್ ಕೊಡುವುದು. ಇದಕ್ಕೆ ನಾವು ಪ್ಲೇಸ್‌ಮೆಂಟ್ ಅನ್ನುತ್ತಿದ್ದೆವು. ಒಂದು ವಾರ ಅದನ್ನೇ ಬಳಸಬೇಕು, ಮನೆಯ ಪುಡಿ ಪಕ್ಕಕ್ಕಿಡಬೇಕು. ವಾರ ಆದಮೇಲೆ ಹೋಗಿ ಫಾರ್ಮು ತುಂಬಿ, ಉಳಿದ ಪುಡಿ ವಾಪಸ್ ತಂದು, ಎರಡನೇ ಪ್ಯಾಕೆಟ್ ಕೊಡಬೇಕು. ಮತ್ತೊಂದು ವಾರ. ಆಮೇಲೆ ಕೊನೇ ಫಾರ್ಮು. ಬಣ್ಣ ಹೇಗೆ, ವಾಸನೆ ಹೇಗೆ, ಕಡುಪು ಸಾಕಾ, ಜಾಸ್ತಿ ಆಯಿತಾ, ಎರಡರಲ್ಲಿ ಯಾವುದು ಇಷ್ಟ, ಯಾಕೆ ಇಷ್ಟ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ರೊಟೇಷನ್. ಅರ್ಧ ಮನೆಗೆ ಮೊದಲು 352 ಹೋಗಬೇಕು, ಇನ್ನರ್ಧಕ್ಕೆ ಮೊದಲು 714. ಮೊದಲ ವಾರಕ್ಕೂ ಎರಡನೇ ವಾರಕ್ಕೂ ಮನೆಯಲ್ಲಿ ಏನೇನೋ ಬದಲಾಗುತ್ತದೆ. ನೆಂಟರು ಬರುತ್ತಾರೆ, ಹಾಲಿನವನು ಬದಲಾಗುತ್ತಾನೆ, ಮಕ್ಕಳಿಗೆ ಜ್ವರ ಬರುತ್ತದೆ. ಅದೆಲ್ಲ ಎರಡೂ ಪುಡಿಗೆ ಸಮನಾಗಿ ಹಂಚಿಹೋಗಲಿ ಅಂತ ಈ ಅದಲು ಬದಲು. ಬ್ರೀಫಿಂಗಿನಲ್ಲಿ ಇದನ್ನು ಹತ್ತು ಸಲ ಹೇಳುತ್ತಿದ್ದೆ. ಯಾಕೆ ಅಂತ ನನಗೆ ನಿಜವಾಗಿ ತಿಳಿದದ್ದು ಇದೇ ಊರಿನಲ್ಲಿ.

ಬಾರದ ಕಾರ್ಟನ್

ಪುಡಿ ಬೆಂಗಳೂರಿನಿಂದ ಲಾರಿ ಪಾರ್ಸೆಲ್‌ನಲ್ಲಿ ಬರಬೇಕಿತ್ತು. 352ರ ಪ್ಯಾಕೆಟ್ಟು 120 ಕೂಡ ಒಟ್ಟಿಗೆ ಬಂದವು. 714 ಬಂದದ್ದು 40 ಮಾತ್ರ. ಉಳಿದ ಕಾರ್ಟನ್ ಮೂರು ದಿನ ತಡ ಅಂದರು.

ಮೊದಲ ಎರಡು ಬಡಾವಣೆಗೆ ಇಪ್ಪತ್ತು ಇಪ್ಪತ್ತರಂತೆ ಆ 40 ಮುಗಿಯಿತು. ಅಲ್ಲಿ ರೊಟೇಷನ್ ಸರಿಯಾಗಿ ಆಯಿತು. ಮೂರನೆಯದು ಹಳೇ ಊರಿನ ಕಡೆಯ ಒಂದು ಬಡಾವಣೆ. ಸಾಲು ಮನೆಗಳು, ಮುಂದೆ ಕಟ್ಟೆ, ಕಟ್ಟೆ ಪಕ್ಕ ನೀಲಿ ಡ್ರಮ್ಮು. ಅಲ್ಲಿಗೆ 714ರ ಒಂದು ಪ್ಯಾಕೆಟ್ಟೂ ಇರಲಿಲ್ಲ.

ಮೂರು ದಿನ ಕಾಯಬಹುದಿತ್ತು. ಆದರೆ ಮನೆಮನೆಗೆ ಹೋಗಿ ಫಾರ್ಮು ತುಂಬುವ ನಮ್ಮ ಹುಡುಗಿಯರಿಗೆ ಕೂಲಿ ಫಾರ್ಮಿನ ಲೆಕ್ಕ. ಫಾರ್ಮು ಇಲ್ಲದ ದಿನ ದುಡ್ಡೂ ಇಲ್ಲ. ಅವರಲ್ಲಿ ಒಬ್ಬಳು ಹೊನ್ನಾಳಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಬಸ್ ಚಾರ್ಜು ಅವಳದೇ. ಮುಂದಿನ ವಾರದಿಂದ ತಂಡ ಹುಬ್ಬಳ್ಳಿಗೆ ಹೋಗಬೇಕಿತ್ತು. ಆಫೀಸಿಗೆ ಫೋನ್ ಮಾಡಿದೆ. ಅಲ್ಲಿಂದ ಬಂದ ಉತ್ತರ: "ನಲವತ್ತಕ್ಕೂ 352 ಮೊದಲು ಕೊಟ್ಟುಬಿಡಿ. ಹುಬ್ಬಳ್ಳೀಲಿ ಅಷ್ಟೇ ಮನೆಗೆ 714 ಮೊದಲು ಕೊಟ್ಟರೆ ಒಟ್ಟು ಲೆಕ್ಕ ಸರಿಹೋಗುತ್ತೆ."

ಕೇಳಿದಾಗ ಸರಿ ಅನ್ನಿಸಿತು. ಒಟ್ಟು ಸ್ಟಡಿಯಲ್ಲಿ ಅರ್ಧ ಇದು ಮೊದಲು, ಅರ್ಧ ಅದು ಮೊದಲು. ಕಾಗದದ ಮೇಲೆ ತಪ್ಪೇ ಕಾಣುವುದಿಲ್ಲ. ನಾನು ಹೂಂ ಅಂದೆ. ನಲವತ್ತು ಮನೆಗೂ 352 ಹೋಯಿತು.

ಇಲ್ಲಿ ನಿಲ್ಲಬೇಕು. ತಪ್ಪು ನಡೆದದ್ದು ಇಲ್ಲೇ, ಉಳಿದದ್ದೆಲ್ಲ ಅದರ ಹಿಂದೆ ಬಂದದ್ದು. ಹುಬ್ಬಳ್ಳಿಯ ಮನೆಯಲ್ಲಿ ಹುಬ್ಬಳ್ಳಿಯ ವಾರ ನಡೆಯುತ್ತದೆ, ದಾವಣಗೆರೆಯ ಮನೆಯಲ್ಲಿ ದಾವಣಗೆರೆಯ ವಾರ. ಇಲ್ಲಿ ಕೆಟ್ಟದ್ದನ್ನು ಅಲ್ಲಿ ಸರಿಮಾಡಲು ಆಗುವುದಿಲ್ಲ. ಎಣಿಕೆ ಸರಿಹೋಗುತ್ತದೆ, ಪರೀಕ್ಷೆ ಸರಿಹೋಗುವುದಿಲ್ಲ. ಅವತ್ತು ನನಗೆ ಇದು ಹೊಳೆಯಲಿಲ್ಲ. ಹೊಳೆದಿದ್ದರೂ ಫೋನಿನಲ್ಲಿ ಬೇಡ ಅನ್ನುವ ಧೈರ್ಯ ಇತ್ತೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ.

ಅನುಮಾನ

ಫೀಲ್ಡ್ ಮುಗಿದು ಎರಡು ವಾರಕ್ಕೆ ಆಫೀಸಿನಿಂದ ಕರೆ ಬಂತು. "ನಿಮ್ಮ ಹುಡುಗೀರು ಮನೇಲಿ ಕೂತು ಫಾರ್ಮು ತುಂಬಿದ್ದಾರೆ ಅನ್ಸುತ್ತೆ. ಒಂದು ಸಲ ನೋಡಿ."

ಅನುಮಾನಕ್ಕೆ ಕಾರಣ ಇತ್ತು. ಮೂರನೇ ಬಡಾವಣೆಯ 40 ಮನೆಯಲ್ಲಿ 33 ಮನೆಯವರು 714 ಇಷ್ಟ ಅಂದಿದ್ದರು. ಉಳಿದ ಎರಡು ಬಡಾವಣೆ ಸೇರಿಸಿದರೆ 80ರಲ್ಲಿ 41, ಅಂದರೆ ಹೆಚ್ಚು ಕಡಿಮೆ ಸಮಸಮ. ಒಟ್ಟು 120ರಲ್ಲಿ 74. ಎರಡೂ ಪುಡಿ ಒಂದೇ ಆಗಿದ್ದರೆ 60ರ ಆಸುಪಾಸು ಬರಬೇಕು. ಸುಮ್ನೆ ಅದೃಷ್ಟದಿಂದ ಆಚೀಚೆ ಆದರೂ 71ರ ಮೇಲೆ ಹೋಗುವುದು ಅಪರೂಪ. ಹಾಗಾಗಿ ಟೇಬಲ್ಲಿನಲ್ಲಿ 74ರ ಪಕ್ಕ, ಇದು ಬರೀ ಅದೃಷ್ಟ ಇರಲಾರದು ಅನ್ನುವ ಗುರುತಿನ ನಕ್ಷತ್ರ ಬಿದ್ದಿತ್ತು. ನಕ್ಷತ್ರ ಬಿದ್ದರೆ ಕ್ಲೈಂಟ್ ಅದನ್ನು ನಂಬುತ್ತಾರೆ. ಆ ನಕ್ಷತ್ರ ಬೀಳಿಸಿದ್ದು ಒಂದೇ ಬಡಾವಣೆ.

ಇನ್ನೊಂದು ಕಾರಣ ಮಾತುಗಳು. "ಯಾಕೆ ಇಷ್ಟ, ಯಾಕೆ ಇಷ್ಟ ಇಲ್ಲ" ಅನ್ನುವ ಪ್ರಶ್ನೆಗೆ ಜನ ಏನಂದರೋ ಅದನ್ನೇ ಬರೆಯಬೇಕು. 352ರ ಬಗ್ಗೆ ಫಾರ್ಮಿಂದ ಫಾರ್ಮಿಗೆ ಅದೇ ಮಾತು ಬಂದಿತ್ತು. ಮೇಲೆ ಪದರ ಕಟ್ಟುತ್ತೆ. ಬಣ್ಣ ಮಂಕು. ಸಪ್ಪೆ. ಲೋಟದ ಅಂಚಿಗೆ ಕರೆ ಹಿಡಿಯುತ್ತೆ. ಒಬ್ಬರೇ ಕೂತು ಬರೆದರೆ ಹೀಗೇ ಆಗುತ್ತದೆ. ಇಂಥ ಉತ್ತರಗಳನ್ನು ಓದಿ ಗುಂಪು ಮಾಡುವ ಕೋಡಿಂಗ್ ವಿಭಾಗದವರು ಅನುಮಾನ ಪಟ್ಟದ್ದು ತಪ್ಪಲ್ಲ. ಸುಳ್ಳು ಫಾರ್ಮು ಈ ಕಸುಬಿನ ಹಳೇ ರೋಗ, ನಾನೇ ಎಷ್ಟೋ ಹಿಡಿದಿದ್ದೇನೆ.

ಆದರೆ ಸುಳ್ಳು ಅಂತ ತೀರ್ಮಾನ ಆದರೆ ಇಬ್ಬರು ಹುಡುಗಿಯರ ಎರಡು ವಾರದ ಕೂಲಿ ಹೋಗುತ್ತದೆ. ಮುಂದೆ ಯಾವ ಏಜೆನ್ಸಿಯೂ ಅವರನ್ನು ಕರೆಯುವುದಿಲ್ಲ. ನಾನು ಬೆಂಗಳೂರಿಗೆ ಹೋಗಿ ಆ 40 ಫಾರ್ಮು ಇಸಿದುಕೊಂಡು ದಾವಣಗೆರೆ ಬಸ್ಸು ಹತ್ತಿದೆ.

ಶಿರಾ ದಾಟುವವರೆಗೆ ಉತ್ತರಗಳನ್ನೇ ನೋಡುತ್ತಿದ್ದೆ. ಕೈಬರಹ, ಟೈಮು, ಪೆನ್ನಿನ ಬಣ್ಣ. ಒಂದೇ ಕೂಟಕ್ಕೆ ತುಂಬಿದ್ದರೆ ಬರಹ ಒಂದೇ ವೇಗದಲ್ಲಿ ಓಡಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಒಂದು ಫಾರ್ಮಿನ ಮೇಲೆ ಟೀ ಲೋಟದ ಉಂಗುರದ ಗುರುತು ಇತ್ತು. ಇನ್ನೊಂದರ ಮೂಲೆಯಲ್ಲಿ ಯಾವುದೋ ಮಗು ಗೀಚಿತ್ತು.

ಹಿರಿಯೂರಿನಲ್ಲಿ ಬಸ್ಸು ನಿಂತಾಗ ಕೊನೇ ಪುಟ ತಿರುಗಿಸಿದೆ. ಅಲ್ಲಿ ಕೆಳಗೆ "ಷರಾ" ಅಂತ ಎರಡು ಗೆರೆ ಜಾಗ ಇರುತ್ತದೆ. ಏನಾದರೂ ವಿಶೇಷ ಇದ್ದರೆ ಬರೆಯಲಿ ಅಂತ. ಬರೆಯುವವರು ಕಡಿಮೆ. ಬರೆದರೆ ಕೂಲಿ ಜಾಸ್ತಿ ಸಿಗುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ಬರೆದದ್ದನ್ನು ಪಂಚಿಂಗ್ ಮಾಡುವುದೂ ಇಲ್ಲ, ಆ ಜಾಗಕ್ಕೆ ಕಂಪ್ಯೂಟರಿನಲ್ಲಿ ಕಾಲಮ್ಮೇ ಇಲ್ಲ.

ಹೊನ್ನಾಳಿಯ ಹುಡುಗಿಯ ಫಾರ್ಮು. ನೀಲಿ ಪೆನ್ನು, ಇರುವೆ ಸಾಲಿನಂಥ ಅಕ್ಷರ: "ನಲ್ಲಿ ನೀರು ಬಂದಮೇಲೆ ಟೀ ಚೆನ್ನಾಗಿ ಆಗ್ತಿದೆ ಅಂತ ಮನೆಯವರು ಹೇಳಿದರು."

ಮುಂದಿನದು ನೋಡಿದೆ. ಅವಳು ತುಂಬಿದ್ದ ಇಪ್ಪತ್ತು ಫಾರ್ಮಿನಲ್ಲಿ ಆರರ ಷರಾದಲ್ಲಿ ನೀರಿನ ಮಾತು ಇತ್ತು. "ಮೊದಲ ವಾರ ಬೋರ್ ನೀರು." "ನಲ್ಲಿ ಬಂದು ವಾರ ಆಯ್ತು." ಆರರ ಕೆಳಗೂ ಸ್ಕ್ರೂಟಿನಿ, ಅಂದರೆ ಫಾರ್ಮಿನ ಪರಿಶೀಲನೆ, ಆಗಿದೆ ಅಂತ ನನ್ನ ಸಹಿ ಇತ್ತು. ನಾನು ಸಹಿ ಹಾಕಿದ್ದೆ, ಓದಿರಲಿಲ್ಲ.

ಅಡಿಗೆಮನೆಯಲ್ಲಿ

ಮೂರು ದಿನದಲ್ಲಿ 26 ಮನೆಗೆ ಹೋದೆ. ಬ್ಯಾಕ್ ಚೆಕ್ ಅಂದರೆ ಸಾಮಾನ್ಯವಾಗಿ ಬಾಗಿಲಲ್ಲೇ ನಿಂತು ನಾಲ್ಕು ಪ್ರಶ್ನೆ ಕೇಳಿ ಬರುವುದು. ಹುಡುಗಿ ಬಂದಿದ್ದಳಾ, ಪ್ಯಾಕೆಟ್ ಕೊಟ್ಟಳಾ, ಎಷ್ಟು ಹೊತ್ತು ಕೂತಿದ್ದಳು, ಎಷ್ಟು ಜನ ಇದ್ದೀರಿ. ಇಪ್ಪತ್ತಾರು ಮನೆಯಲ್ಲೂ ಉತ್ತರ ಸರಿಯಾಗಿ ಬಂತು. ಒಂದು ಫಾರ್ಮೂ ಸುಳ್ಳಲ್ಲ.

ಆಮೇಲೆ ಐದನೇ ಪ್ರಶ್ನೆ ಒಂದನ್ನು ನಾನೇ ಸೇರಿಸಿದೆ. ಆ ಎರಡು ವಾರ ಟೀಗೆ ಯಾವ ನೀರು ಹಾಕುತ್ತಿದ್ದಿರಿ?

ಆ ಬೇಸಿಗೆಯಲ್ಲಿ ಆ ಬೀದಿಗಳಿಗೆ ನಲ್ಲಿ ನೀರು ಬರುವುದು ತಡವಾಗಿತ್ತು. ಮನೆಯವರು ಕೊಡದಲ್ಲಿ ಉಳಿದಿದ್ದ ಸಿಹಿನೀರನ್ನು ಕುಡಿಯಲು ಎತ್ತಿಟ್ಟುಕೊಂಡು, ಅಡಿಗೆಗೆ, ಟೀಗೆ ಬೀದಿಯ ಮಿನಿ ಟ್ಯಾಂಕಿನ ಬೋರ್ ನೀರು ಬಳಸಿದ್ದರು. ನಮ್ಮ 352 ಹೋದದ್ದು ಸರಿಯಾಗಿ ಆ ವಾರ. ನಾವು ಎರಡನೇ ಪ್ಯಾಕೆಟ್ ಕೊಡುವ ಹೊತ್ತಿಗೆ ನಲ್ಲಿ ಬಂದಿತ್ತು. ಡ್ರಮ್ಮು, ಕೊಡ, ಬಕೆಟ್ ಎಲ್ಲ ತುಂಬಿದ್ದವು. 714 ಬೆಂದದ್ದು ಸಿಹಿನೀರಿನಲ್ಲಿ. 26ರಲ್ಲಿ 23 ಮನೆಯಲ್ಲಿ ಇದೇ ಕಥೆ. ಉಳಿದ ಮೂರು ಮನೆಯವರು ಮೊದಲಿಂದಲೂ ಕ್ಯಾನ್ ನೀರು ತರಿಸುತ್ತಿದ್ದರು. ಅವರಲ್ಲಿ ಇಬ್ಬರು 352 ಇಷ್ಟ ಅಂದಿದ್ದರು. ಮೂರು ಮನೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ಅದನ್ನು ಬರೆದಿಟ್ಟುಕೊಂಡೆ.

ಕೊನೇ ದಿನ ಒಬ್ಬ ಅಜ್ಜಿಯ ಮನೆ. ಫಾರ್ಮಿನಲ್ಲಿದ್ದದ್ದು ಸೊಸೆ, ಆದರೆ ಮಾತಾಡಿದ್ದೆಲ್ಲ ಅಜ್ಜಿ. "ಬಾರವ್ವ, ಒಳಗ್ ಬಾ" ಅಂತ ಸೀದಾ ಅಡಿಗೆಮನೆಗೆ ಕರೆದರು. ಸೂಪರ್‌ವೈಸರ್ ಗಂಡಸಾಗಿದ್ದರೆ ಪಡಸಾಲೆಯಲ್ಲೇ ಕೂರಿಸುತ್ತಿದ್ದರು. ಈ ಪ್ರಕರಣ ಬಾಗಿಲಲ್ಲಿ ನಿಂತು ಬಗೆಹರಿಯುವಂಥದ್ದೇ ಆಗಿರಲಿಲ್ಲ.

ನೀರಿನ ಪ್ರಶ್ನೆ ಕೇಳಿದ ಕೂಡಲೇ ಅಜ್ಜಿ ಟೀ ಪಾತ್ರೆ ಎತ್ತಿ ನನ್ನ ಕಡೆ ಓರೆ ಮಾಡಿದರು. ತಳದಲ್ಲಿ, ಸುಣ್ಣ ಬಳಿದ ಹಾಗೆ, ಬಿಳಿ ಹೊಪ್ಪಳಿಕೆ. ಉಗುರಿನಿಂದ ಕೆರೆದರೂ ಬರಲಿಲ್ಲ.

"ಬೋರ್ ನೀರ್ನಾಗೆ ಬ್ಯಾಳೇನೇ ಬೇಯಲ್ಲ ಕಣವ್ವ. ಇನ್ನ ಟೀ ಹೆಂಗಾಗ್ತೈತೆ?"

ನನ್ನ ಚೀಲದಲ್ಲಿ ಹೆಚ್ಚುವರಿ ಪ್ಯಾಕೆಟ್ ಒಂದೊಂದು ಇತ್ತು. ಕೇಳೋಣ ಅನ್ನಿಸಿತು. ಅಜ್ಜಿ, ಎರಡೂ ಪುಡಿಯನ್ನ ಎರಡೂ ನೀರಲ್ಲಿ ಒಂದೊಂದು ಲೋಟ ಮಾಡಿಕೊಡ್ತೀರಾ ಅಂದೆ. ಪುಡಿ ನಾನೇ ಅಳತೆ ಚಮಚದಲ್ಲಿ ಹಾಕಿದೆ, ಯಾವುದು ಯಾವುದು ಅಂತ ಅವರಿಗೆ ಹೇಳಲಿಲ್ಲ. ನೀರು ಸೊಸೆ ಹಾಕಿದಳು. ಹಾಲು, ಸಕ್ಕರೆ ಬೇಡ, ಬರೀ ಕಪ್ಪು ಟೀ. ಕಟ್ಟೆಯ ಮೇಲೆ ನಾಲ್ಕು ಸ್ಟೀಲ್ ಲೋಟ ಸಾಲಾಗಿ ಇಟ್ಟೆವು.

ಬೋರ್ ನೀರಿನ ಎರಡು ಲೋಟದಲ್ಲಿ ಟೀ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಸ್ವಲ್ಪ ಆರಿದ ಮೇಲೆ ಮೇಲ್ಗಡೆ ತೆಳು ಪದರ ಕಟ್ಟಿತು. ಚಮಚದಿಂದ ಮುಟ್ಟಿದರೆ ಬಿರುಕು ಬಿಟ್ಟು ಚೂರು ಚೂರಾಗಿ ತೇಲಿತು. ನಲ್ಲಿ ನೀರಿನ ಎರಡೂ ಲೋಟ ತಿಳಿಯಾಗಿ, ಕೆಂಪಗೆ ಇದ್ದವು. ಅಜ್ಜಿ ನಾಲ್ಕನ್ನೂ ಒಂದೊಂದು ಗುಟುಕು ಕುಡಿದರು. ಮತ್ತೆ ಮೊದಲಿಂದ ಕುಡಿದರು.

"ನೀರು ಯಾವ್ದು ಅಂತ ಕಣ್ಮುಚ್ಕೊಂಡು ಹೇಳ್ತೀನವ್ವ. ಪುಡಿ ಯಾವ್ದು ಅಂತ ಹೇಳಾಕಾಗಲ್ಲ."

ಗಡಸು ನೀರಿನಲ್ಲಿರುವ ಸುಣ್ಣದಂಶ ಟೀಯ ಒಗರಿನ ಜೊತೆ ಸೇರಿ ಈ ಪದರ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಅಜ್ಜಿಗೆ ಓದದೇ ಗೊತ್ತಿತ್ತು. ಆ ಬಡಾವಣೆಯ ನಲವತ್ತು ಮನೆಯ ಹೆಂಗಸರಿಗೂ ಗೊತ್ತಿತ್ತು. ನಮ್ಮ ಫಾರ್ಮಿನಲ್ಲಿ ಕೇಳಿರಲಿಲ್ಲ, ಅಷ್ಟೇ. ಹಾಲು ಯಾವುದು ಅಂತ ಕೇಳಿದ್ದೆವು. ಸಕ್ಕರೆಯೋ ಬೆಲ್ಲವೋ ಅಂತ ಕೇಳಿದ್ದೆವು. ಶುಂಠಿ, ಏಲಕ್ಕಿ ಹಾಕುತ್ತೀರಾ ಅಂತಲೂ ಕೇಳಿದ್ದೆವು. ಲೋಟದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ನೀರು. ಅದನ್ನೇ ಬಿಟ್ಟಿದ್ದೆವು. ಫಾರ್ಮು ಬರೆದವರು ಕೂತದ್ದು ಬೇರೆ ಊರಿನ ಆಫೀಸಿನಲ್ಲಿ. ಅಲ್ಲಿ ನೀರು ಅಂದರೆ ಒಂದೇ ನೀರು.

ನಾಲ್ಕು ಲೋಟದ ಈ ಆಟ ಹೊಸದೇನಲ್ಲ. ರೊನಾಲ್ಡ್ ಫಿಶರ್ ಅಂತ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ. ಹಾಲು ಮೊದಲು ಹಾಕಿದ್ದೋ ಟೀ ಮೊದಲು ಹಾಕಿದ್ದೋ ರುಚಿಯಲ್ಲೇ ಹೇಳುತ್ತೇನೆ ಅಂದ ಒಬ್ಬ ಹೆಂಗಸಿನ ಮಾತನ್ನು ಎಂಟು ಬಟ್ಟಲಿನಲ್ಲಿ ಪರೀಕ್ಷಿಸುವುದು ಹೇಗೆ ಅಂತ ಅವರು 1935ರಲ್ಲಿ ವಿವರಿಸಿದ್ದಾರೆ. ನಾಲ್ಕು ಹೀಗೆ, ನಾಲ್ಕು ಹಾಗೆ, ಕೊಡುವ ಸರದಿ ಮಾತ್ರ ಚೀಟಿ ಎತ್ತಿದ ಹಾಗೆ ಕಲೆಸಿರಬೇಕು. ಸುಮ್ನೆ ಊಹಿಸಿ ಎಂಟೂ ಸರಿ ಹೇಳುವ ಸಾಧ್ಯತೆ 70ರಲ್ಲಿ ಒಂದು. ಸರದಿ ಕಲೆಸದಿದ್ದರೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ನನ್ನ ಕೆಲಸದ ಬುಡದಲ್ಲಿ ಇದ್ದದ್ದು ಇದೇ ಮಾತು. ಲಾರಿ ಪಾರ್ಸೆಲ್ ತಡವಾಯಿತು ಅಂತ ನಾನು ಬಿಟ್ಟುಕೊಟ್ಟದ್ದೂ ಇದನ್ನೇ. ಅರ್ಧ ಮನೆಗೆ 714 ಮೊದಲು ಹೋಗಿದ್ದರೆ ಬೋರ್ ನೀರಿನ ಏಟು ಎರಡೂ ಪುಡಿಗೆ ಸಮನಾಗಿ ಬೀಳುತ್ತಿತ್ತು. ನೀರಿನ ವಿಷಯ ನಮಗೆ ಗೊತ್ತಿಲ್ಲದಿದ್ದರೂ ಪರೀಕ್ಷೆ ಕೆಡುತ್ತಿರಲಿಲ್ಲ.

ಆಫೀಸಿನಲ್ಲಿ ಏನಾಯಿತು

ಎರಡು ಪುಟ ಬರೆದೆ. ಮೂರೂ ಬಡಾವಣೆಯ ಲೆಕ್ಕ ಬೇರೆ ಬೇರೆ ಹಾಕಿದೆ. ಯಾವ ಮನೆಗೆ ಯಾವುದು ಮೊದಲು ಹೋಯಿತು, ನಲ್ಲಿ ಬಂದ ತಾರೀಕು, 26 ಮನೆಯ ಉತ್ತರ, ಆರು ಷರಾಗಳ ನಕಲು. 352 ಮೊದಲು ಕೊಡಲು ಒಪ್ಪಿದ್ದು ನಾನೇ, ಷರಾ ಓದದೇ ಸಹಿ ಮಾಡಿದ್ದೂ ನಾನೇ ಅಂತ ಬರೆದೆ. ಹುಡುಗಿಯರ ಕೂಲಿ ತಡೆಹಿಡಿಯಬಾರದು ಅಂತ ಕೊನೆಯಲ್ಲಿ ಸೇರಿಸಿದೆ.

ಹುಡುಗಿಯರ ಕೂಲಿ ಪೂರ್ತಿ ಬಂತು. ಇದು ಮೊದಲು ಹೇಳಬೇಕಾದ ವಿಷಯ.

ರಿಪೋರ್ಟಿನ ವಿಷಯ ಬೇರೆ ದಾರಿ ಹಿಡಿಯಿತು. ಆ ಬಡಾವಣೆಯಲ್ಲಿ ಹೊಸ 40 ಮನೆ ಹುಡುಕಿ ಮತ್ತೆ ಮಾಡೋಣ ಅಂತ ಕೇಳಿದೆ. ಸಮಯ ಇಲ್ಲ, ದುಡ್ಡು ಯಾರು ಕೊಡುತ್ತಾರೆ ಅಂದರು. ಕಡೆಗೆ ಮೂರನೇ ಬಡಾವಣೆಯ 40 ಮನೆಯನ್ನು ಟೇಬಲ್ಲಿನಿಂದ ತೆಗೆದರು. ದಾವಣಗೆರೆಯ ಬೇಸ್ 120 ಇದ್ದದ್ದು 80 ಆಯಿತು. ನಕ್ಷತ್ರ ಹೋಯಿತು. ಕೆಳಗೆ ಚಿಕ್ಕ ಅಕ್ಷರದಲ್ಲಿ, ರೊಟೇಷನ್ ಪಾಲನೆ ಆಗದ ಕಾರಣ ಕೈಬಿಡಲಾಗಿದೆ ಅಂತ ಒಂದು ಸಾಲು. ನೀರು ಅನ್ನುವ ಮಾತು ಎಲ್ಲೂ ಇಲ್ಲ. "ಕ್ಲೈಂಟ್ ಪುಡಿ ಬಗ್ಗೆ ಕೇಳಿದ್ದಾರೆ, ನೀರಿನ ಬಗ್ಗೆ ಕೇಳಿಲ್ಲ" ಅಂತ ನನಗೆ ಹೇಳಿದರು.

ತೆಗೆದದ್ದು ನಿಯಮದ ಪ್ರಕಾರ ಸರಿ. ಕೆಟ್ಟ ಅಂಕಿ ಇಟ್ಟುಕೊಳ್ಳುವುದಕ್ಕಿಂತ ತೆಗೆಯುವುದು ಮೇಲು. ಆದರೆ ಆ 40 ಮನೆಯಲ್ಲಿ ನಮಗೆ ಸಿಕ್ಕಿದ್ದು ಬರೀ ಕೆಟ್ಟ ಅಂಕಿ ಅಲ್ಲ ಅಂತ ನಾನು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಉಳಿದ 80 ಮನೆ ಹೇಳಿದ್ದು ಏನು? ಈ ಎರಡು ಪುಡಿಯಲ್ಲಿ ಜನಕ್ಕೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ ಅಂತ. ಈ 40 ಮನೆ ಹೇಳಿದ್ದು, ನೀರು ಕೆಟ್ಟರೆ ಪುಡಿ ಎಷ್ಟೇ ಒಳ್ಳೆಯದಿದ್ದರೂ ಸೋಲುತ್ತದೆ ಅಂತ. ಬೇಸಿಗೆ ಬಂದರೆ ಬೋರ್ ನೀರಿಗೆ ಇಳಿಯುವ ಊರು ನಮ್ಮಲ್ಲಿ ಎಷ್ಟಿವೆ! ಅಂಥ ಊರಿನಲ್ಲಿ ಟೀ ಪುಡಿ ಮಾರುವವರಿಗೆ ಇದಕ್ಕಿಂತ ಬೇಕಾದ ಸುದ್ದಿ ಇನ್ನೇನು? ಇಂಗ್ಲೆಂಡಿನಲ್ಲಿ ಯಾರ್ಕ್‌ಶೈರ್ ಟೀ ಅನ್ನುವ ಬ್ರಾಂಡಿನವರು ಗಡಸು ನೀರಿಗೆ ಅಂತಲೇ ಬೇರೆ ಪ್ಯಾಕೆಟ್ ಮಾರುತ್ತಾರೆ. ಅಲ್ಲಿ ಆ ಪ್ರಶ್ನೆಯನ್ನು ಯಾರೋ ಕೇಳಿದ್ದಾರೆ, ಉತ್ತರವನ್ನು ಯಾರೋ ಓದಿದ್ದಾರೆ. ನಮ್ಮಲ್ಲಿ ಉತ್ತರ ತಾನಾಗೇ ಬಂದು ಫಾರ್ಮಿನ ಕೊನೇ ಪುಟದಲ್ಲಿ ಕೂತಿತ್ತು.

ಇನ್ನೊಂದು ವಿಷಯ ನನ್ನನ್ನು ಬಹಳ ದಿನ ಕಾಡಿತು. ಎಲ್ಲರಿಗೂ ಅನುಮಾನ ಬಂದದ್ದು ಮೊದಲು ಯಾರ ಮೇಲೆ? ಹುಡುಗಿಯರ ಮೇಲೆ. ಲಾರಿ ತಡವಾದದ್ದು, ಫೋನಿನಲ್ಲಿ ನಾವು ಒಪ್ಪಿಕೊಂಡದ್ದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಅಂಕಿ ವಿಚಿತ್ರ ಕಂಡರೆ ಸುಳ್ಳು ಹೇಳಿದವರು ಯಾರು ಅಂತ ಹುಡುಕುವ ಮೊದಲು, ಆ ವಾರ ಆ ಮನೆಗಳಲ್ಲಿ ಏನಾಗಿತ್ತು ಅಂತ ಕೇಳಬೇಕಿತ್ತು. ಉತ್ತರ ಬರೆದಿಟ್ಟವಳನ್ನೇ ಕಳ್ಳಿ ಅನ್ನುವುದರಲ್ಲಿದ್ದೆವು. ನಾನು ಅವಳ ಹತ್ತಿರ ಕ್ಷಮೆ ಕೇಳಿದೆ. ಅವಳು, "ಅಕ್ಕಾ, ನೀವೇ ಅಲ್ವಾ ಬ್ರೀಫಿಂಗಲ್ಲಿ ಹೇಳಿದ್ದು, ಜನ ಹೇಳಿದ್ದನ್ನ ಹಾಗೇ ಬರೀರಿ ಅಂತ? ಪ್ರಶ್ನೆ ಒಳಗೆ ಜಾಗ ಇರ್ಲಿಲ್ಲ, ಅದಕ್ಕೆ ಕೆಳಗೆ ಬರೆದೆ" ಅಂದಳು.

ಆಮೇಲಿನ ವರ್ಷಗಳು

ಅಲ್ಲಿಂದ ಮುಂದೆ ಎರಡು ವಿಷಯಕ್ಕೆ ನಾನು ಒಪ್ಪಲಿಲ್ಲ. ರೊಟೇಷನ್ ಒಂದು ಊರಿನದನ್ನು ಇನ್ನೊಂದು ಊರಿಗೆ ತಳ್ಳುವುದು. ಪುಡಿ ಬಾರದಿದ್ದರೆ ಕಾಯುತ್ತೇವೆ, ಕಾದ ದಿನಕ್ಕೆ ಹುಡುಗಿಯರಿಗೆ ಅರ್ಧ ಕೂಲಿಯಾದರೂ ಕೊಡಿ ಅಂತ ಹಟ ಹಿಡಿದೆ. ಕೆಲವು ಸಲ ಕೊಟ್ಟರು, ಕೆಲವು ಸಲ ಇಲ್ಲ. ಇನ್ನೊಂದು, ಷರಾ ಓದದೇ ಫಾರ್ಮಿಗೆ ಸಹಿ ಮಾಡುವುದು. ರಾತ್ರಿ ಲಾಡ್ಜಿನಲ್ಲಿ ಸ್ಕ್ರೂಟಿನಿಗೆ ಕೂತಾಗ ಮೊದಲು ಕೊನೇ ಪುಟ ತಿರುಗಿಸುತ್ತಿದ್ದೆ. ಟೀ, ಕಾಫಿ, ಬಟ್ಟೆ ಸೋಪು, ಶಾಂಪೂ, ಬೇಳೆ, ಯಾವ ಪರೀಕ್ಷೆಯೇ ಇರಲಿ, ಫಾರ್ಮಿನ ತಲೆಯ ಮೇಲೆ ನಾವೇ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದೆವು: ನೀರು, ನಲ್ಲಿ, ಬೋರ್, ಕ್ಯಾನ್.

ನಾನು ಕೆಲಸ ಬಿಡುವ ಹೊತ್ತಿಗೆ ಕಾಗದದ ಫಾರ್ಮು ಹೋಗಿ ಟ್ಯಾಬ್ ಬಂತು. ಒಳ್ಳೆಯದೇ ಆಯಿತು. ಯಾವ ಮನೆಗೆ ಯಾವ ಪ್ಯಾಕೆಟ್ ಮೊದಲು ಅಂತ ಟ್ಯಾಬೇ ಹೇಳುತ್ತದೆ, ನಾವು ಬದಲಿಸಲು ಬರುವುದಿಲ್ಲ. ಎಷ್ಟು ಹೊತ್ತಿಗೆ ಶುರು, ಎಲ್ಲಿ ನಿಂತು ತುಂಬಿದ್ದು, ಎಲ್ಲ ದಾಖಲಾಗುತ್ತದೆ. ಆದರೆ ಮೊದಲ ಟ್ರಯಲ್‌ನಲ್ಲಿ ನೋಡಿದರೆ ಕೊನೇ ಪ್ರಶ್ನೆ ಆದ ಕೂಡಲೇ "ಧನ್ಯವಾದ" ಬರುತ್ತಿತ್ತು. ಷರಾ ಇರಲಿಲ್ಲ.

ಪ್ರೋಗ್ರಾಂ ಮಾಡುವ ಹುಡುಗನಿಗೆ, ಕೊನೆಗೆ ಒಂದು ಖಾಲಿ ಜಾಗ ಬೇಕಪ್ಪ ಅಂದೆ.

"ಅದನ್ನ ಯಾರು ಓದ್ತಾರೆ ಮೇಡಂ?"

"ನಾನು ಓದ್ತೀನಿ."

ಹಾಕಿಕೊಟ್ಟ. ಮೊದಲ ವಾರ ಅದರಲ್ಲಿ ಬಂದದ್ದು ಬಹುತೇಕ "ಏನಿಲ್ಲ", "ಏನಿಲ್ಲ" ಅಂತಲೇ. ಒಂದರಲ್ಲಿ ಮಾತ್ರ, "ಗ್ಯಾಸ್ ಖಾಲಿ, ಮೂರು ದಿನದಿಂದ ಸೌದೆ ಒಲೆ ಮೇಲೆ ಟೀ ಕಾಸ್ತಿದ್ದಾರೆ" ಅಂತ ಇತ್ತು. ಮಾರನೇ ದಿನ ಬೆಳಿಗ್ಗೆ ಆ ಮನೆಗೆ ನಾನೇ ಹೋದೆ.